ಬಾದಾಮಿ ಮರಳುಗಲ್ಲಿನ ಸೆಕ್ಷನ್: ಗುಡ್ಡ ಒಂದೇ, ಅಳತೆ ಎರಡು. ಪದರಗಳನ್ನು ಹೇಗೆ ಬರೆಯಬೇಕು?

ಕೆರೂರು_ಲಾಗ್

ಬಾದಾಮಿ ಗುಂಪಿನ (ಬಾದಾಮಿ ಸುತ್ತಲಿನ ಶಿಲಾಸ್ತರಗಳ) ಮರಳುಗಲ್ಲಿನ ಒಂದು ಗುಡ್ಡ. ಬುಡದಲ್ಲಿ ತೆಳುವಾದ ಕೆಂಪು ಜೇಡಿಶಿಲೆ, ನೆತ್ತಿಯಲ್ಲಿ ಚಪ್ಪಟೆ ಹಾಸುಬಂಡೆ. ಎರಡೂ ಸ್ಪಷ್ಟವಾಗಿ ಕಾಣುತ್ತವೆ, ಇವನ್ನು ಗುರುತಿಸುವುದರಲ್ಲಿ ತಪ್ಪಾಗುವ ಸಾಧ್ಯತೆ ಇಲ್ಲ. ಡಿಪ್ (ಪದರದ ಇಳಿಜಾರು) 4 ಡಿಗ್ರಿ.

ಎಂ.ಎಸ್ಸಿ. ವಿದ್ಯಾರ್ಥಿಗಳ ಎರಡು ತಂಡ ಇದರ ಸೆಕ್ಷನ್ (ಬುಡದಿಂದ ನೆತ್ತಿಯವರೆಗಿನ ಪದರಗಳ ಸಾಲು) ಅಳೆದಿವೆ. ಮೊದಲ ತಂಡ ಕಾಲುದಾರಿ ಹಿಡಿದು 1.5 ಮೀಟರಿನ ಅಳತೆಕೋಲಿನಿಂದ ಅಳೆಯಿತು: 21 ಕೋಲು, ಅಂದರೆ 31.5 ಮೀಟರ್. ಎರಡನೆಯ ತಂಡ ನೆತ್ತಿಯಿಂದ ಟೇಪ್ ಇಳಿಬಿಟ್ಟು ಅಳೆಯಿತು: 36 ಮೀಟರ್. ನಾಲ್ಕೂವರೆ ಮೀಟರ್ ಎಲ್ಲಿ ಹೋಯಿತು?

ಇನ್ನೊಂದು ತೊಡಕೂ ಇದೆ. ಮೊದಲ ತಂಡ ಇಡೀ ಗುಡ್ಡವನ್ನು 9 ಘಟಕ (ಒಂದಾಗಿ ಬರೆಯುವ ಪದರ) ಮಾಡಿದೆ, ಎರಡನೆಯದು 23 ಮಾಡಿದೆ. ಎರಡೂ ಲಾಗ್ (ಪದರಗಳ ದಾಖಲೆ) ಪಕ್ಕಪಕ್ಕ ಇಟ್ಟರೆ ಯಾವ ಪದರ ಯಾವುದಕ್ಕೆ ಸಮ ಎಂದು ಹೇಳಲು ಬರುತ್ತಿಲ್ಲ. ಬಲ್ಲವರು ತಿಳಿಸಿ.

---

ಸ್ತರರೇಖೆ

ಕಾಲುದಾರಿ ಯಾವ ದಿಕ್ಕಿಗೆ ಹತ್ತುತ್ತದೆ? ಪದರ ಇಳಿಯುವ ದಿಕ್ಕಿಗೋ, ಅದರ ಎದುರಿಗೋ? ಕೋಲಿನ ಮೇಲಿಂದ ನೋಡುವಾಗ ಕ್ಲೈನೊಮೀಟರ್ (ಓರೆ ಅಳೆಯುವ ಉಪಕರಣ) ಸೊನ್ನೆಗೆ ಇಟ್ಟಿದ್ದರೋ, 4 ಡಿಗ್ರಿಗೋ? ಈ ಎರಡಕ್ಕೆ ಉತ್ತರ ಕೊಡಿ, ಮೊದಲ ಪ್ರಶ್ನೆ ಅಲ್ಲೇ ಬಗೆಹರಿಯಬಹುದು.

---

ಕೆರೂರು_ಲಾಗ್

ದಾರಿ ಡಿಪ್ ದಿಕ್ಕಿಗೇ ಹತ್ತುತ್ತದೆ. ಕ್ಲೈನೊಮೀಟರ್ ಸೊನ್ನೆಯಲ್ಲಿತ್ತು. "4 ಡಿಗ್ರಿ ತಾನೆ, ಸಮತಟ್ಟು ಎಂದೇ ಹಿಡಿಯಬಹುದು" ಎಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಸಮಮಟ್ಟದಲ್ಲಿ ನೋಡಿ ಗುರುತು ಹಾಕಿದ್ದಾರೆ.

---

ಸ್ತರರೇಖೆ

ಹಾಗಿದ್ದರೆ ನಾಲ್ಕೂವರೆ ಮೀಟರ್ ಅಲ್ಲೇ ಹೋಗಿದೆ.

ಕೋಲು ನೆಟ್ಟಗಿದ್ದದ್ದು ತಪ್ಪಲ್ಲ. 4 ಡಿಗ್ರಿಯಲ್ಲಿ ನೇರ ಎತ್ತರಕ್ಕೂ ನಿಜವಾದ ದಪ್ಪಕ್ಕೂ ಇರುವ ಅಂತರ ನೂರಕ್ಕೆ ಕಾಲೂ (0.25) ಇಲ್ಲ. (20 ಡಿಗ್ರಿಗೆ ಬಂದರೆ ನೂರಕ್ಕೆ 6, 30 ಡಿಗ್ರಿಗೆ ನೂರಕ್ಕೆ 15 ಹೆಚ್ಚು ತೋರುತ್ತದೆ. ಆಗ ಕೋಲನ್ನು ಪದರಕ್ಕೆ ಲಂಬವಾಗಿ ವಾಲಿಸಲೇಬೇಕು.) ತಪ್ಪಿರುವುದು ನೋಟದ ರೇಖೆಯಲ್ಲಿ. ಕೋಲಿನ ತುದಿಯಿಂದ ಸಮಮಟ್ಟಕ್ಕೆ ನೋಡಿ ಡಿಪ್ ದಿಕ್ಕಿನಲ್ಲಿ 10 ಮೀಟರ್ ದೂರದ ಬಂಡೆಗೆ ಗುರುತು ಹಾಕಿದಿರಿ ಎನ್ನಿ. ಅಷ್ಟು ದೂರದಲ್ಲಿ ಪದರ 70 ಸೆಂಟಿಮೀಟರ್ ಕೆಳಗೆ ಇಳಿದಿರುತ್ತದೆ. ಹಾಗಾಗಿ ನೀವು 1.5 ಮೀಟರ್ ಏರಿದೆವು ಎಂದು ಬರೆದುಕೊಳ್ಳುವಾಗ ಸ್ತರಗಳಲ್ಲಿ 2.2 ಮೀಟರ್ ಏರಿರುತ್ತೀರಿ. ಆ 70 ಸೆಂಟಿಮೀಟರ್ ಲಾಗ್‌ಗೆ ಬರುವುದೇ ಇಲ್ಲ.

ನಿಮ್ಮ ಲೆಕ್ಕಕ್ಕೆ ಹಚ್ಚಿ ನೋಡಿ. ಕಳೆದುಹೋದದ್ದು 4.5 ಮೀಟರ್. 4 ಡಿಗ್ರಿಯ ಟ್ಯಾಂಜೆಂಟ್ 0.07. ಭಾಗಿಸಿದರೆ 64 ಮೀಟರ್ ಅಡ್ಡ ದೂರ. 21 ಕೋಲಿಗೆ ಹಂಚಿದರೆ ಕೋಲೊಂದಕ್ಕೆ 3 ಮೀಟರ್. ಕಾಲುದಾರಿಯಲ್ಲಿ ಒಂದು ಗುರುತಿನಿಂದ ಇನ್ನೊಂದಕ್ಕೆ 3 ಮೀಟರ್ ದೂರ ಇದ್ದೇ ಇರುತ್ತದೆ. ದಾರಿ ಎದುರು ದಿಕ್ಕಿಗೆ ಹತ್ತಿದ್ದರೆ ಇದೇ ತಪ್ಪಿನಿಂದ 36ರ ಜಾಗದಲ್ಲಿ 40 ಬರುತ್ತಿತ್ತು.

ಸರಿಯಾದ ಕ್ರಮ ಹೀಗೆ. ಮೊದಲು ಡಿಪ್ ಅನ್ನು ನಾಲ್ಕೈದು ಕಡೆ ಅಳೆಯಿರಿ. ಕಿರಿದಾದ ಮೈಮೇಲೆ ನೇರವಾಗಿ ಕಂಪಾಸ್ ಇಡಬೇಡಿ. ಅಲೆಗುರುತಿನ ಉಬ್ಬುತಗ್ಗು ಎರಡು ಮೂರು ಡಿಗ್ರಿ ಕೆಡಿಸುತ್ತದೆ. ಫೀಲ್ಡ್ ಪುಸ್ತಕವನ್ನೋ ರಟ್ಟನ್ನೋ ಹಾಸಿ ಅದರ ಮೇಲಿಡಿ. ಅದಕ್ಕಿಂತ ಒಳ್ಳೆಯದು, ದೂರ ನಿಂತು ಪದರದ ಉದ್ದಗೆರೆಗೆ ಕಂಪಾಸಿನ ಅಂಚು ಹೊಂದಿಸಿ ನೋಡುವುದು. ಆಮೇಲೆ ಕ್ಲೈನೊಮೀಟರನ್ನು ಡಿಪ್ ಕೋನಕ್ಕೆ ಕೂಡಿಸಿ, ಕೋಲಿಗೆ ಕಟ್ಟಿ, ಅದರ ಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ಕೋಲು ವಾಲಿಸಿ. ಆಗ ನೋಟ ಪದರದ ಜೊತೆಗೇ ಸಾಗುತ್ತದೆ. ನೋಟ ಡಿಪ್ ದಿಕ್ಕಿನಲ್ಲೇ ಇರಬೇಕು, ಪಕ್ಕಕ್ಕೆ ಹೊರಳಬಾರದು. ದಾರಿ ಸೊಟ್ಟಗಿದ್ದರೆ ಗುರುತು ಸಿಕ್ಕ ಪದರದ ಮೇಲೆಯೇ ಅಡ್ಡಕ್ಕೆ ನಡೆದು ಮತ್ತೆ ದಾರಿಗೆ ಬನ್ನಿ.

---

ಹತ್ತುಪಟ್ಟು_ಲೆನ್ಸ್

ಲೆಕ್ಕ ಹೊಂದುತ್ತದೆ. ಒಂದು ಮಾತು ಸೇರಿಸುತ್ತೇನೆ: ಇಷ್ಟು ಚಪ್ಪಟೆಯಾದ ಪದರಗಳಲ್ಲಿ ಬಯಲಿನ ಮೇಲೆ ಟೇಪ್ ಎಳೆದು ದಪ್ಪ ಲೆಕ್ಕ ಹಾಕುವ ಯೋಚನೆಯನ್ನೇ ಮಾಡಬೇಡಿ. ಸಮತಟ್ಟು ನೆಲದಲ್ಲಿ 100 ಮೀಟರ್ ನಡೆದರೆ 4 ಡಿಗ್ರಿಗೆ ದಪ್ಪ 7 ಮೀಟರ್, 3 ಡಿಗ್ರಿಗೆ 5.2, 5 ಡಿಗ್ರಿಗೆ 8.7. ಒಂದು ಡಿಗ್ರಿ ತಪ್ಪಿದರೆ ಕಾಲು ಭಾಗ ದಪ್ಪ ಏರುಪೇರು.

ಟೇಪ್ ಲೆಕ್ಕ ಕೆಲಸಕ್ಕೆ ಬರುವುದು ಮಡಿಕೆ ಬಿದ್ದ ಬಾಗಲಕೋಟೆ ಗುಂಪಿನಲ್ಲಿ (ಬಾದಾಮಿ ಗುಂಪಿನ ಕೆಳಗಿನ ಹಳೆಯ ಸ್ತರಗಳು). ಸ್ಟ್ರೈಕಿಗೆ (ಪದರದ ಮೇಲಿನ ಮಟ್ಟಗೆರೆಗೆ) ಲಂಬವಾಗಿ ನಡೆದರೆ ದಪ್ಪ = ಇಳಿಜಾರಿನ ಮೇಲಿನ ದೂರ × ಸೈನ್ (ಡಿಪ್ ± ಇಳಿಜಾರು). ನೆಲವೂ ಪದರವೂ ಒಂದೇ ಕಡೆ ಇಳಿದಿದ್ದರೆ ಕಳೆಯಿರಿ, ಎದುರುಬದುರು ಇದ್ದರೆ ಕೂಡಿ. ಡಿಪ್ 35, ಇಳಿಜಾರು 12, ದೂರ 40 ಮೀಟರ್ ಎಂದಿಟ್ಟುಕೊಳ್ಳಿ: ಒಂದೇ ಕಡೆ ಇದ್ದರೆ 15.6 ಮೀಟರ್, ಎದುರುಬದುರಾದರೆ 29.3. ಚಿಹ್ನೆ ಒಂದು ತಪ್ಪಿದರೆ ದಪ್ಪ ಹತ್ತಿರ ಹತ್ತಿರ ಇಮ್ಮಡಿ. ಹಾಗಾಗಿ ಲೆಕ್ಕಕ್ಕೆ ಮೊದಲು ಪುಸ್ತಕದ ಅಂಚಿನಲ್ಲಿ ನೆಲದ ಗೆರೆ, ಪದರದ ಗೆರೆ ಎರಡನ್ನೂ ಬರೆದು ನೋಡಿ.

---

ಮಲಪ್ರಭಾ_ಉಸುಕು

ಅಳತಿ ಬಗಿಹರೀತು, ಇನ್ನ ಘಟಕದ ಮಾತಿಗೆ ಬರೂಣ್ರಿ. 9 ಸರಿನೋ 23 ಸರಿನೋ ಅಂತ ಕೇಳೂದ್ರಾಗ ಅರ್ಥ ಇಲ್ಲ. ಎಷ್ಟು ದಪ್ಪದ ಪದರ ಬಿಡಿಸಿ ಬರೀಬೇಕು ಅನ್ನೂದು ಲಾಗಿನ ಸ್ಕೇಲ್ ಮ್ಯಾಲ ಐತಿ. 1:50 ಸ್ಕೇಲಿನ್ಯಾಗ 10 ಸೆಂಟಿಮೀಟರ್ ಪದರ ಕಾಗದದ ಮ್ಯಾಲ 2 ಮಿಲಿಮೀಟರ್. ಅಷ್ಟು ಬರೀಲಿಕ್ಕೆ ಬರತೈತಿ. 1:100 ಆದ್ರ 1 ಮಿಲಿಮೀಟರ್, ಪೆನ್ಸಿಲ್ ಗೆರೀನೇ ಅದನ್ನ ನುಂಗತೈತಿ. ಎರಡೂ ತಂಡ ಮೊದಲ ಕೂತು "ಸ್ಕೇಲ್ 1:50, 10 ಸೆಂಟಿಮೀಟರಿಗಿಂತ ತೆಳುವಿದ್ದದ್ದು ಕೂಡಿಸಿ ಬರೀಯೂದು" ಅಂತ ಮಾತಾಡ್ಕೋಬೇಕಿತ್ತು.

ಒಂದ ವಿನಾಯಿತಿ. ಮರಳುಗಲ್ಲಿನ ನಡುವ 2 ಸೆಂಟಿಮೀಟರ್ ಜೇಡಿಶಿಲೆ ಇದ್ರೂ ಅದನ್ನ ಬಿಡಬ್ಯಾಡ್ರಿ. ಹರಿಯೂ ನೀರು ನಿಂತಿತ್ತು ಅನ್ನೂದಕ್ಕ ಅದ ಸಾಕ್ಷಿ. ಗೆರಿ ದಪ್ಪ ಮಾಡಿ, ಪಕ್ಕಕ್ಕ "2 ಸೆಂ.ಮೀ., ಸ್ಕೇಲಿಗಿಲ್ಲ" ಅಂತ ಬರೀರಿ.

ಇನ್ನ ಬಾದಾಮಿ ಕಲ್ಲಿನ್ಯಾಗ ಎಲ್ಲಾರೂ ಎಡವೂ ಜಾಗ ಅಂದ್ರ ಬಣ್ಣದ ಪಟ್ಟಿ. ಕೆಂಪು, ನೇರಳಿ, ಹಳದಿ ಪಟ್ಟಿ ಬಾಗಿ ಬಾಗಿ ಹೋಗಿರತಾವು, ದೂರದಿಂದ ಪದರದಂಗ ಕಾಣತಾವು. ಲೆನ್ಸ್ ಹಚ್ಚಿ ನೋಡ್ರಿ. ಪಟ್ಟಿಯ ಆಕಡೆ ಈಕಡೆ ಕಣದ ಗಾತ್ರ ಒಂದೇ ಇದ್ದು, ಪಟ್ಟಿ ಲ್ಯಾಮಿನಾದ (ತೆಳು ಒಳಪದರದ) ಗೆರೀನ್ನ ಕಡಕೊಂಡು ಹೋಗಿದ್ರ ಅದು ಪದರ ಅಲ್ಲ. ಕಲ್ಲು ಗಟ್ಟಿಯಾದ ಮ್ಯಾಲ ಕಬ್ಬಿಣದ ನೀರು ಒಳಗ ಇಂಗಿ ಬಿಟ್ಟ ಕಲಿ. ಲೀಸೆಗಾಂಗ್ ಪಟ್ಟಿ ಅಂತಾರ. 23 ಘಟಕದಾಗ ಎಷ್ಟು ಇಂಥವು ಅದಾವು ನೋಡ್ರಿ.

---

ಕೆರೂರು_ಲಾಗ್

ನೋಡಿದೆ ಸರ್. ಎರಡನೆಯ ತಂಡದ 23ರಲ್ಲಿ 6 ಕಡೆ ಸಂಪರ್ಕದ (ಎರಡು ಘಟಕ ಕೂಡುವ ಗೆರೆಯ) ಮೇಲೂ ಕೆಳಗೂ "ಮಧ್ಯಮ ಕಣ" ಎಂದೇ ಇದೆ, ಬಣ್ಣ ಮಾತ್ರ ಬೇರೆ. ಅವನ್ನು ಮತ್ತೆ ಹೋಗಿ ಲೆನ್ಸಿನಲ್ಲಿ ನೋಡಬೇಕು.

ಅವರ ವಿವರಣೆಯ ಮಾದರಿಯೊಂದನ್ನು ಹಾಕುತ್ತಿದ್ದೇನೆ. ಇದರಲ್ಲಿ ಏನು ಕೊರತೆ ಇದೆ ಹೇಳಿ (ಕ್ರಾಸ್ ಬೆಡ್ಡಿಂಗ್ ಎಂದರೆ ಪದರದೊಳಗಿನ ಓರೆ ಗೆರೆಗಳು):

"ಘಟಕ 7. ಕೆಂಪು ಮರಳುಗಲ್ಲು, ಒರಟು ಕಣ, ಕ್ರಾಸ್ ಬೆಡ್ಡಿಂಗ್ ಇದೆ. ದಪ್ಪ 1.25 ಮೀ. ನದಿಯ ಕಾಲುವೆಯ ನಿಕ್ಷೇಪ."

---

ಹತ್ತುಪಟ್ಟು_ಲೆನ್ಸ್

ಕೊನೆಯ ವಾಕ್ಯದಿಂದ ಶುರು ಮಾಡುತ್ತೇನೆ. "ನದಿಯ ಕಾಲುವೆಯ ನಿಕ್ಷೇಪ" ಎಂಬುದು ಕಂಡದ್ದಲ್ಲ, ಊಹಿಸಿದ್ದು. ಊಹೆ ಬೇಡವೆಂದಲ್ಲ, ಅದಕ್ಕೆ ಬೇರೆ ಕಾಲಂ ಇರಬೇಕು. ನಾಳೆ ಬೇರೊಬ್ಬರು ಅದನ್ನು ಸಮುದ್ರದಂಡೆಯ ನಿಕ್ಷೇಪ ಎಂದು ವಾದಿಸಬಹುದು. ಆಗಲೂ ನೀವು ಬರೆದ ವಿವರಣೆ ಅವರ ಕೆಲಸಕ್ಕೆ ಬರಬೇಕು.

ಇನ್ನು ಕಣದ ಗಾತ್ರ. "ಒರಟು" ಎಂದರೆ 0.5ರಿಂದ 1 ಮಿಲಿಮೀಟರ್. ಮಧ್ಯಮ 0.25ರಿಂದ 0.5, ಸಣ್ಣ 0.125ರಿಂದ 0.25, ಅತಿ ಸಣ್ಣ 0.0625ರವರೆಗೆ. 1ರಿಂದ 2 ಅತಿ ಒರಟು, 2 ದಾಟಿದರೆ ಜಲ್ಲಿಯ ವರ್ಗ. ಕಣ್ಣಂದಾಜಿನಲ್ಲಿ ಎಲ್ಲರೂ ಒಂದು ಮೆಟ್ಟಿಲು ಹೆಚ್ಚೇ ಹೇಳುತ್ತಾರೆ. ಒಂದೆರಡು ದೊಡ್ಡ ಕಣ ಕಣ್ಣನ್ನು ಸೆಳೆದುಬಿಡುತ್ತವೆ. ಕಣಗಾತ್ರದ ಕಾರ್ಡನ್ನು ಕಲ್ಲಿಗೆ ಒತ್ತಿ ಹಿಡಿದು, ಎರಡನ್ನೂ ಒಂದೇ ಲೆನ್ಸಿನ ನೋಟದಲ್ಲಿ ನೋಡಬೇಕು. ಘಟಕದ ಬುಡ, ನಡು, ನೆತ್ತಿ ಮೂರು ಕಡೆ ನೋಡಿ. ಬುಡದಲ್ಲಿ ಒರಟಾಗಿದ್ದು ನೆತ್ತಿಗೆ ಸಣ್ಣಗಾಗಿದ್ದರೆ ಅದೇ ಒಂದು ದೊಡ್ಡ ಸುದ್ದಿ. ಒಂದೇ ಪದ ಬರೆದರೆ ಅದು ಮರೆಯಾಗುತ್ತದೆ. ಜೇಡಿಶಿಲೆಯೋ ಹೂಳುಶಿಲೆಯೋ ಎಂದು ಅನುಮಾನವಾದರೆ ಒಂದು ಚೂರನ್ನು ಮುಂದಿನ ಹಲ್ಲಿನಲ್ಲಿ ಕಡಿಯಿರಿ: ಹೂಳು ಕರಕರ ಎನ್ನುತ್ತದೆ, ಜೇಡಿ ಬೆಣ್ಣೆಯಂತೆ ನುಣುಪು.

ಬಣ್ಣ: "ಕೆಂಪು" ಸಾಲದು. ಹೊಸದಾಗಿ ಒಡೆದ ಮೈಯ ಬಣ್ಣ, ಗಾಳಿಮಳೆಗೆ ಒಡ್ಡಿಕೊಂಡ ಮೈಯ ಬಣ್ಣ ಎರಡೂ ಬೇಕು, ಮುನ್ಸೆಲ್ ಬಣ್ಣದ ಕಾರ್ಡಿನ ಸಂಖ್ಯೆಯ ಜೊತೆಗೆ. ಕಲ್ಲು ಒಣಗಿದೆಯೋ ಒದ್ದೆಯೋ ಬರೆಯಿರಿ. ಒದ್ದೆ ಕಲ್ಲು ಗಾಢವಾಗಿ ಕಾಣುತ್ತದೆ. ತಂಪು ಕನ್ನಡಕ ತೆಗೆದಿಟ್ಟು ನೋಡಿ.

ಖನಿಜ: ಬೆಣಚು ಗಾಜಿನಂತೆ ಹೊಳೆಯುತ್ತದೆ. ಫೆಲ್ಡ್‌ಸ್ಪಾರ್ ಮಾಸಲು ಬಿಳಿ ಅಥವಾ ನಸುಗೆಂಪು, ಎಷ್ಟೋ ಸಲ ಸುದ್ದೆಮಣ್ಣಿನಂತೆ ಮೆತ್ತಗಾಗಿ ಉಗುರಿಗೆ ಬರುತ್ತದೆ. ಕೆಳಗಿನ ಹಳೆಯ ನೈಸ್ ಕಲ್ಲಿಗೆ ಹತ್ತಿರದ ಬುಡದ ಪದರಗಳಲ್ಲಿ ಇದನ್ನು ಮುತುವರ್ಜಿಯಿಂದ ಎಣಿಸಿ. ಫೆಲ್ಡ್‌ಸ್ಪಾರ್ ನೂರಕ್ಕೆ 25 ದಾಟಿದರೆ ಕಲ್ಲಿನ ಹೆಸರೇ ಬದಲಾಗುತ್ತದೆ, ಆರ್ಕೋಸ್ ಆಗುತ್ತದೆ.

ಅಂಟು: ಕಲ್ಲು ಒಡೆದಾಗ ಬಿರುಕು ಕಣಗಳನ್ನು ಸುತ್ತಿ ಹೋಗಿದೆಯೋ, ಕಣಗಳನ್ನೇ ಸೀಳಿದೆಯೋ? ಸೀಳಿದ್ದರೆ ಸಿಲಿಕಾ ಬಿಗಿಯಾಗಿ ಬೆಸೆದಿದೆ. ಸವದತ್ತಿ ಕಡೆಯ ಕ್ವಾರ್ಟ್‌ಜೈಟಿನ ಪಕ್ಕದಲ್ಲಿ ಬಾದಾಮಿ ಮರಳುಗಲ್ಲಿಟ್ಟು ನೋಡಿದರೆ ಈ ಭೇದ ಒಮ್ಮೆಗೇ ಮನದಟ್ಟಾಗುತ್ತದೆ.

---

ಸ್ತರರೇಖೆ

ಮೇಲಿನದೆಲ್ಲ ಸರಿ, ಆದರೆ ಆ ಮಾದರಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಎಂದು ಕಂಡದ್ದು ಸಂಪರ್ಕ. ಘಟಕ 7 ಘಟಕ 6ರ ಮೇಲೆ ಹೇಗೆ ಕೂತಿದೆ? ಒಂದಕ್ಷರವೂ ಇಲ್ಲ. ಪದರಗಳ ನಡುವಿನ ಗೆರೆಯಲ್ಲೇ ಕಾಲ ಅಡಗಿರುತ್ತದೆ; ಒಂದು ಗೆರೆ ಅರ್ಧ ಗಂಟೆಯದಿರಬಹುದು, ಇನ್ನೊಂದು ಕೋಟಿಗಟ್ಟಲೆ ವರ್ಷಗಳದು. ಬಾದಾಮಿ ಗುಂಪು ಬಾಗಲಕೋಟೆ ಗುಂಪಿನ ಓರೆ ಪದರಗಳ ಮೇಲೆ ಚಪ್ಪಟೆಯಾಗಿ ಕೂತ ಆ ಗೆರೆಯಂಥದು.

ಸಂಪರ್ಕಕ್ಕೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಚೂಪಾಗಿದೆಯೋ, ಮೆಲ್ಲಗೆ ಬದಲಾಗಿದೆಯೋ? ಮೆಲ್ಲಗೆ ಎಂದರೆ ಎಷ್ಟು ಸೆಂಟಿಮೀಟರಿನಲ್ಲಿ? ಚೂಪಾಗಿದ್ದರೆ ಚಪ್ಪಟೆಯೋ, ಅಲೆಯಂತೋ, ಕೊರೆದದ್ದೋ? ಕೊರೆದದ್ದಾದರೆ ಎಷ್ಟು ಆಳ, ಎಷ್ಟು ಅಗಲದಲ್ಲಿ? ಎರಡು ಮೀಟರಾದರೂ ಪಕ್ಕಕ್ಕೆ ಸರಿದು ನೋಡದೆ ಇದನ್ನು ಬರೆಯಲಾಗದು. ಒಂದು ಅಂಗೈ ಅಗಲದಲ್ಲಿ ಎಲ್ಲ ಸಂಪರ್ಕವೂ ಚಪ್ಪಟೆಯೇ.

ಅದೇ ಘಟಕವನ್ನು ನಾನು ಬರೆದರೆ ಹೀಗಿರುತ್ತದೆ. ನಿಮ್ಮ ಗುಡ್ಡದಲ್ಲಿ ಇರುವುದೇ ಇದು ಎಂದಲ್ಲ, ನಮೂನೆಗೆ (ಸೆಟ್ ಎಂದರೆ ಒಂದೇ ಕಡೆ ವಾಲಿದ ಓರೆ ಗೆರೆಗಳ ಗುಂಪು, ಫೋರ್‌ಸೆಟ್ ಎಂದರೆ ಅದರ ಒಂದೊಂದು ಓರೆ ಪದರ; ಅದು ಇಳಿಯುವ ದಿಕ್ಕಿನಿಂದ ಪ್ರವಾಹದ ದಿಕ್ಕು ತಿಳಿಯುತ್ತದೆ):

"ಘಟಕ 7. ಬುಡದಿಂದ 8.40–9.65 ಮೀ., ದಪ್ಪ 1.25 ಮೀ. ಮರಳುಗಲ್ಲು. ಬುಡದಲ್ಲಿ ಒರಟು ಕಣ, 60 ಸೆಂ.ಮೀ.ನಿಂದ ಮೇಲಕ್ಕೆ ಮಧ್ಯಮ. ಕಣ ಹೊಂದಿಕೆ ಮಧ್ಯಮ, ಅರೆದುಂಡಗಿನ ಕಣ. ಬೆಣಚು ಹೆಚ್ಚು, ಮಾಸಲು ಫೆಲ್ಡ್‌ಸ್ಪಾರ್ ಅಂದಾಜು ನೂರಕ್ಕೆ 10. ಹೊಸ ಮೈ ತೆಳುಗೆಂಪು (10 ಆರ್ 6/2, ಒಣ), ಹೊರಮೈ ಬೂದುಗೆಂಪು (10 ಆರ್ 4/2). ಬುಡದ ಸಂಪರ್ಕ ಚೂಪು, ಕೊರೆದದ್ದು: 3 ಮೀ. ಅಗಲದಲ್ಲಿ 6 ಸೆಂ.ಮೀ. ಆಳ. ಅದರ ಮೇಲೆ ಒಂದೇ ಸಾಲು ಬೆಣಚಿನ ಹರಳು, 4–12 ಮಿ.ಮೀ., ಜೊತೆಗೆ ಕೆಂಪು ಜೇಡಿಶಿಲೆಯ ಚಪ್ಪಟೆ ಚೂರು, 3 ಸೆಂ.ಮೀ.ವರೆಗೆ. ತೊಟ್ಟಿಯಾಕಾರದ ಕ್ರಾಸ್ ಬೆಡ್ಡಿಂಗ್, ಸೆಟ್ ಒಂದೊಂದು 15–30 ಸೆಂ.ಮೀ., ಮೇಲಕ್ಕೆ ತೆಳುವಾಗುತ್ತವೆ. ಫೋರ್‌ಸೆಟ್ ಓದಿಕೆ 12, ಪಟ್ಟಿ ಬೇರೆ. ಮೇಲಿನ 8 ಸೆಂ.ಮೀ.ನಲ್ಲಿ ಅಲೆಗುರುತು. ಮೇಲಿನ ಸಂಪರ್ಕ ಚೂಪು, ಚಪ್ಪಟೆ. ಪಕ್ಕಕ್ಕೆ 15 ಮೀ. ಕಾಣುತ್ತದೆ, ದಪ್ಪ 1.10–1.30 ಮೀ. ಮಾದರಿ 7ಎ (8.55 ಮೀ.), 7ಬಿ (9.40 ಮೀ.). ಫೋಟೊ 41–46."

ಇದನ್ನು ಕೈಯಲ್ಲಿ ಹಿಡಿದು ಹೋದವರು, ನಿಮ್ಮನ್ನು ಕೇಳದೆಯೇ, ಆ ಜೇಡಿಶಿಲೆ ಚೂರುಗಳ ಸಾಲಿಗೆ ಬೆರಳಿಡಬಲ್ಲರು. ಪದರದ ವಿವರಣೆಗೆ ಅಷ್ಟು ಶಕ್ತಿ ಇರಬೇಕು.

---

ಮಲಪ್ರಭಾ_ಉಸುಕು

ಅಕ್ಕಾರು ಬರದದ್ದು ಹಂಗ ಪ್ರಿಂಟ್ ತಗೊಂಡು ಫೀಲ್ಡ್ ಪುಸ್ತಕದಾಗ ಅಂಟಿಸ್ಕೋಬೇಕ್ರಿ.

ಜೇಡಿಶಿಲೆ ಚೂರಿನ ಬಗ್ಗೆ ಒಂದ ಮಾತು. ಆ ಚೂರು ಬಂದದ್ದು ಕೆಳಗಿನ ಪದರದಿಂದನೋ ಅಂತ ನೋಡ್ರಿ. ಕೆಳಗ ಅದೇ ಬಣ್ಣದ ಜೇಡಿ ಇದ್ದು, ಅದರ ನೆತ್ತಿ ಕೊರದಿದ್ರ, ನೀರು ಅಲ್ಲಿಂದನ ಕಿತ್ತು ತಂದೈತಿ. ಕೆಳಗ ಜೇಡಿ ಇಲ್ಲಂದ್ರ, ಇದ್ದ ಪದರ ಪೂರ್ತಿ ತೊಳದು ಹೋಗೈತಿ ಅಂತ ಅನುಮಾನ ಪಡಬೇಕು. ಅದನ್ನ ಊಹೆ ಕಾಲಮ್ಮಿನ್ಯಾಗ ಬರೀರಿ.

ಮತ್ತ ಮಡಿಕಿ ಬಿದ್ದ ಜಾಗಾದಾಗ ಮೇಲ ಯಾವುದು ಕೆಳಗ ಯಾವುದು ಅಂತ ಪ್ರತಿ ಸೆಕ್ಷನ್ನಿನ್ಯಾಗ ಎರಡು ಮೂರು ಕಡೆ ಖಾತ್ರಿ ಮಾಡ್ಕೋರಿ. ಕ್ರಾಸ್ ಬೆಡ್ಡಿಂಗಿನ ಗೆರಿ ಬುಡದಾಗ ಸವರಿಕೊಂಡು ಕೂಡತಾವು, ನೆತ್ತಿಯಾಗ ಕತ್ತರಿಸಿದಂಗ ನಿಲ್ಲತಾವು. ಕೆಸರು ಬಿರುಕು ಮೇಲ ಅಗಲ, ಕೆಳಗ ಚೂಪು. ಬಾಗಲಕೋಟಿ ಗುಂಪಿನ ಡಾಲೊಮೈಟಿನ್ಯಾಗ (ಸುಣ್ಣಕಲ್ಲಿನಂಥ ಕಲ್ಲು) ಸ್ಟ್ರೊಮಟೊಲೈಟ್ (ಸೂಕ್ಷ್ಮಜೀವಿ ಪದರ ಪದರ ಕಟ್ಟಿದ ರಚನೆ) ಸಿಕ್ರ ಅದರ ಉಬ್ಬು ಮೇಲಕ್ಕ.

---

ಕೆರೂರು_ಲಾಗ್

ಫೋರ್‌ಸೆಟ್ ಓದಿಕೆ 12 ಎಂದಿದ್ದೀರಿ. ನಮ್ಮವರು ಇಡೀ ಗುಡ್ಡಕ್ಕೆ 8 ತೆಗೆದು, ಎಲ್ಲವನ್ನೂ ಕೂಡಿಸಿ 8ರಿಂದ ಭಾಗಿಸಿ "ಪ್ರವಾಹ ದಕ್ಷಿಣಕ್ಕೆ" ಎಂದಿದ್ದಾರೆ. ಓದಿಕೆಗಳು ಮಾತ್ರ ಬಹುಪಾಲು ಕಂಪಾಸಿನ 340–30 ಡಿಗ್ರಿಯ ನಡುವೆ, ಅಂದರೆ ಉತ್ತರದ ಆಚೀಚೆ ಇವೆ.

---

ಸ್ತರರೇಖೆ

ಹಾಗಾದರೆ ಉತ್ತರಕ್ಕೆ ಹರಿದ ನೀರನ್ನು ದಕ್ಷಿಣಕ್ಕೆ ತಿರುಗಿಸಿದಂತಾಯಿತು! ದಿಕ್ಕಿನ ಸರಾಸರಿಯನ್ನು ಹಾಗೆ ತೆಗೆಯಬಾರದು. 350, 10, 30 ಕೂಡಿ 3ರಿಂದ ಭಾಗಿಸಿದರೆ 130 ಬರುತ್ತದೆ. ನಿಜವಾದ ನಡು ದಿಕ್ಕು 10. ಪ್ರತಿ ಓದಿಕೆಯ ಸೈನ್ ಬೇರೆ ಕೂಡಿ, ಕೊಸೈನ್ ಬೇರೆ ಕೂಡಿ, ಎರಡರ ಅನುಪಾತದಿಂದ ಕೋನ ತೆಗೆಯಿರಿ. ಅದು ವೃತ್ತದ ನಾಲ್ಕು ಪಾದಗಳಲ್ಲಿ ಯಾವುದರಲ್ಲಿ ಬರುತ್ತದೆ ಎಂಬುದನ್ನು ಎರಡರ ಚಿಹ್ನೆ ನೋಡಿ ತೀರ್ಮಾನಿಸಿ. ಸ್ಪ್ರೆಡ್‌ಶೀಟಿನಲ್ಲಿ ಐದು ನಿಮಿಷದ ಕೆಲಸ. ರೋಸ್ ಚಿತ್ರವನ್ನೂ (ಓದಿಕೆಗಳನ್ನು ದಿಕ್ಕುವಾರು ವೃತ್ತದಲ್ಲಿ ತೋರಿಸುವ ಚಿತ್ರ) ಬರೆಯಿರಿ: ಎರಡು ದಿಕ್ಕಿಗೆ ಗುಂಪಾಗಿದ್ದರೆ ಸರಾಸರಿಗೆ ಅರ್ಥವೇ ಇಲ್ಲ.

ಓದಿಕೆ ತೆಗೆಯುವುದರಲ್ಲೂ ಒಂದು ಎಚ್ಚರ ಬೇಕು. ಬಂಡೆಯ ನೇರ ಗೋಡೆಯ ಮೇಲೆ ಕಾಣುವುದು ತೋರಿಕೆಯ ಇಳಿಜಾರು, ಗೋಡೆ ಸರಿಯಾಗಿ ಇಳಿಜಾರಿನ ದಿಕ್ಕಿಗೇ ಇಲ್ಲದಿದ್ದರೆ ಅದು ನಿಜವಾದ್ದಕ್ಕಿಂತ ಕಡಿಮೆ. ಕ್ರಾಸ್ ಬೆಡ್ಡಿಂಗ್ ನಗುಬಾಯಿಯಂತೆ ಕಂಡರೆ ನೀವು ತೊಟ್ಟಿಯನ್ನು ಅಡ್ಡಕ್ಕೆ ಕತ್ತರಿಸಿ ನೋಡುತ್ತಿದ್ದೀರಿ. ನೀರು ನಿಮ್ಮತ್ತ ಬಂತೋ ನಿಮ್ಮಿಂದಾಚೆ ಹೋಯಿತೋ ಅಲ್ಲಿಂದ ತಿಳಿಯದು. ಮೂಲೆ ಹುಡುಕಿ, ಒಂದೇ ಫೋರ್‌ಸೆಟ್ ಎರಡು ಮುಖದಲ್ಲಿ ಕಾಣುವ ಜಾಗ. ಇಲ್ಲವೇ ನೆತ್ತಿಯ ಹಾಸುಬಂಡೆಗೆ ಹೋಗಿ. ಅಲ್ಲಿ ತೊಟ್ಟಿಗಳು ಒಂದರೊಳಗೊಂದು ಕೂತ ಬಿಲ್ಲುಗಳಂತೆ ಕಾಣುತ್ತವೆ. ಅವುಗಳ ನಡುಗೆರೆಯೇ ಪ್ರವಾಹದ ಗೆರೆ, ಬಿಲ್ಲಿನ ತಗ್ಗು ಮುಖ ತೋರುವ ಕಡೆಗೆ ನೀರು ಹರಿದಿತ್ತು. ಇದಕ್ಕಿಂತ ನಂಬಿಕೆಯ ಓದಿಕೆ ಬೇರಿಲ್ಲ.

ಒಂದು ಘಟ್ಟದಿಂದ 20–25 ಓದಿಕೆಯಾದರೂ ಇರಲಿ. ನಿಮ್ಮ ಪದರ 4 ಡಿಗ್ರಿ ವಾಲಿರುವುದರಿಂದ ತಿದ್ದುಪಡಿ ಬೇಕಿಲ್ಲ. 10 ಡಿಗ್ರಿ ದಾಟಿದರೆ ಸ್ಟೀರಿಯೊನೆಟ್‌ನಲ್ಲಿ (ದಿಕ್ಕು, ಕೋನ ಗುರುತಿಸುವ ವೃತ್ತಾಕಾರದ ಜಾಲ) ಪದರವನ್ನು ಮಟ್ಟಕ್ಕೆ ತಂದು ಆಮೇಲೆ ದಿಕ್ಕು ಓದಬೇಕು.

---

ಶಹಾಬಾದ್_ಹಾಸು

ಭೀಮಾ ಕಣಿವೆಯ ಸುಣ್ಣಕಲ್ಲಿಗೂ ಇದೇ ಕ್ರಮ ಸಾಕೇ ಎಂದು ಯಾರಾದರೂ ಕೇಳುವ ಮೊದಲೇ ಬರೆಯುತ್ತೇನೆ. ಅಳತೆಗೆ ಸಾಕು, ವಿವರಣೆಗೆ ಸಾಲದು.

ಶಹಾಬಾದ್ ಕಲ್ಲು ಬಹುಪಾಲು ಅತಿ ಸಣ್ಣ ಕಣದ್ದು. ಲೆನ್ಸಿನಲ್ಲಿ ಕಣ ಹುಡುಕಿ ಪ್ರಯೋಜನವಿಲ್ಲ. ಅಲ್ಲಿ ನೋಡಬೇಕಾದ್ದು ಲ್ಯಾಮಿನಾ, ಜೇಡಿಯ ಎಳೆ, ಬಣ್ಣ, ಆಮ್ಲದ ಪರೀಕ್ಷೆ. ನೂರಕ್ಕೆ 10ರ ಹೈಡ್ರೊಕ್ಲೋರಿಕ್ ಆಮ್ಲ ಒಂದು ಹನಿ: ಕ್ಯಾಲ್ಸೈಟ್ ಒಮ್ಮೆಲೇ ನೊರೆಯುತ್ತದೆ, ಡಾಲೊಮೈಟ್ ಚಾಕುವಿನಿಂದ ಕೆರೆದು ಪುಡಿ ಮಾಡಿದ ಮೇಲೆ ಮೆಲ್ಲಗೆ. ಕೆರೆಯದೆ ಹನಿ ಹಾಕಿ "ನೊರೆ ಇಲ್ಲ, ಸುಣ್ಣಕಲ್ಲಲ್ಲ" ಎಂದು ಬರೆದ ಲಾಗುಗಳಿವೆ. ಮೇಲಿನ ಧೂಳಿನಲ್ಲೂ ಸುಣ್ಣ ಇರುತ್ತದೆ, ಅದೂ ನೊರೆಯುತ್ತದೆ, ಮೊದಲು ತೊಳೆಯಿರಿ. ಆಮ್ಲ ತಯಾರಿಸುವಾಗ ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರು ಸುರಿಯಬಾರದು. ಗಾಢ ಆಮ್ಲ ಒಂದು ಪಾಲಿಗೆ ನೀರು ಮೂರು ಪಾಲು. ಕನ್ನಡಕ, ಕೈಗವಸು ಇರಲಿ, ಹನಿಬಾಟಲಿಯ ಮುಚ್ಚಳ ತಿರುಪಿನದಾಗಿರಲಿ.

ಗಣಿಯಲ್ಲಿ ಅಳೆಯುವವರಿಗೆ ಇನ್ನೊಂದು ಮಾತು. ಹಾಸುಗಲ್ಲು ಬಿಟ್ಟುಕೊಳ್ಳುವ ಗೆರೆಯೆಲ್ಲ ಪದರದ ಗೆರೆಯಲ್ಲ. ಹಲ್ಲುಹಲ್ಲಾಗಿ ಹೋದ ಕಪ್ಪು ಗೆರೆ ಸ್ಟೈಲೊಲೈಟ್: ಮೇಲಿನ ಭಾರಕ್ಕೆ ಸುಣ್ಣ ಕರಗಿ, ಕರಗದ ಜೇಡಿ ಅಲ್ಲಿ ಉಳಿದದ್ದು. ಕಲ್ಲು ಅಲ್ಲೂ ಬಿಟ್ಟುಕೊಳ್ಳುತ್ತದೆ. ಹಲ್ಲಿನ ಎತ್ತರ ಮಿಲಿಮೀಟರಿನಲ್ಲಿ ಬರೆದಿಡಿ, ಎಷ್ಟು ಕಲ್ಲು ಕರಗಿಹೋಗಿದೆ ಎಂಬುದಕ್ಕೆ ಕನಿಷ್ಠ ಅಂದಾಜು ಅದರಿಂದ ಸಿಗುತ್ತದೆ. ಗರಗಸ ಕೊಯ್ದ ಮುಖಕ್ಕೆ ನೀರು ಎರಚಿ ನೋಡಿ. ಒಣಗಿದಾಗ ಕಾಣದ ಲ್ಯಾಮಿನಾ ಎದ್ದು ಬರುತ್ತದೆ.

---

ಹತ್ತುಪಟ್ಟು_ಲೆನ್ಸ್

ನೀರು ಎರಚುವುದು ಮರಳುಗಲ್ಲಿಗೂ ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಬೆಳಗಿನ ಏಳು ಗಂಟೆಯ ಬಿಸಿಲು. ಬೆಳಕು ಓರೆಯಾಗಿ ಬಿದ್ದಾಗ ಕ್ರಾಸ್ ಬೆಡ್ಡಿಂಗಿನ ಒಂದೊಂದು ಗೆರೆಯೂ ನೆರಳು ಬಿಡುತ್ತದೆ. ನಡುಮಧ್ಯಾಹ್ನ ಅದೇ ಗೋಡೆ ಬೋಳಾಗಿ ಕಾಣುತ್ತದೆ. ಹಾಗಾಗಿ ಪೂರ್ವದ ಮುಖಗಳ ರಚನೆ ಬೆಳಿಗ್ಗೆ, ಪಶ್ಚಿಮದವು ಸಂಜೆ, ಕಣದ ಗಾತ್ರ ಮತ್ತು ಮಾದರಿ ನಡುಹೊತ್ತು.

---

ಮಲಪ್ರಭಾ_ಉಸುಕು

ಸುತ್ತಿಗಿ ಬಗ್ಗೆ ಯಾರೂ ಮಾತಾಡ್ಲಿಲ್ಲಲ್ರಿ. ಬಾದಾಮಿ, ಐಹೊಳಿ, ಪಟ್ಟದಕಲ್ಲು ಎಲ್ಲಾ ಇದ ಮರಳುಗಲ್ಲು. ಮೂರನೇ ಗುಹೆಯ ಮಂಗಳೇಶನ ಶಾಸನ 578ರದು. ಅದನ್ನ ಕೆತ್ತಿದ ಕಲ್ಲೂ ನಾವು ಲಾಗ್ ಮಾಡೂ ಕಲ್ಲೂ ಒಂದೇ. ಸಂರಕ್ಷಿತ ಜಾಗಾದಾಗ ಸುತ್ತಿಗಿ ಚೀಲದಿಂದ ಹೊರಗ ತಗೀಲೇಬ್ಯಾಡ್ರಿ. ಬಣ್ಣದ ಗುರುತು ಹಾಕೂದು, ಸಂಖ್ಯೆ ಬರಿಯೂದು, ಸೀಮೆಸುಣ್ಣ ಸೈತ ಬ್ಯಾಡ. ಹೊಸ ಮೈ ನೋಡಬೇಕಂದ್ರ ರಸ್ತಾ ಕಡದ ಜಾಗಾಕ್ಕ ಹೋಗ್ರಿ, ಹಳೇ ಕಲ್ಲಿನ ಕ್ವಾರಿಗೆ ಹೋಗ್ರಿ. ಬಿದ್ದ ಗುಂಡುಗಲ್ಲಿನಿಂದ ಕಣದ ಗಾತ್ರ ನೋಡಬಹುದು, ದಿಕ್ಕು ಓದಬಾರದು. ಅದು ಉರುಳಿ ಬಂದದ್ದು.

ಇನ್ನೊಂದು, ಬಂಡಿ ಅಂಚಿನ್ಯಾಗ ಹೆಜ್ಜೇನು ಕಟ್ಟಿರತಾವು. ಸೆಕ್ಷನ್ ಶುರು ಮಾಡೂಕಿಂತ ಮೊದಲ ದುರ್ಬೀನಿನಿಂದ ಮೇಲ ನೋಡ್ರಿ. ಜೇನುಗೂಡು ಕಂಡ್ರ ಆ ಮುಖ ಬಿಟ್ಟು, ಗುರುತಿನ ಪದರ ಹಿಡಕೊಂಡು ಪಕ್ಕಕ್ಕ ಸರೀರಿ. ಅತ್ತರು ಹಚ್ಕೊಂಡು ಹೋಗಬ್ಯಾಡ್ರಿ. ತಲಿಗೆ ಹೆಲ್ಮೆಟ್ ಇರಲಿ, ಮ್ಯಾಲ ಮಂಗ್ಯಾ ಓಡಾಡಿದ್ರೂ ಕಲ್ಲು ಉದುರತಾವು.

---

ಕೆರೂರು_ಲಾಗ್

ಎಲ್ಲರಿಗೂ ವಂದನೆ. ಎರಡೂ ತಂಡ ಸೇರಿ ಮತ್ತೆ ಹೋಗಿದ್ದವು. ಕ್ಲೈನೊಮೀಟರ್ 4 ಡಿಗ್ರಿಗೆ ಕೂಡಿಸಿ ಅದೇ ಕಾಲುದಾರಿಯಲ್ಲಿ ಅಳೆದಾಗ 23 ಕೋಲು ಆಗಿ, ಮೇಲೆ 1.2 ಮೀಟರ್ ಉಳಿಯಿತು: 35.7. ಟೇಪಿನ ಅಳತೆಗೆ 30 ಸೆಂಟಿಮೀಟರ್ ಅಂತರ. ಬಣ್ಣದ ಪಟ್ಟಿ ಎಂದು ಗುರುತಿಸಿದ 6 ಸಂಪರ್ಕಗಳಲ್ಲಿ 5 ಬಿದ್ದುಹೋದವು. ಒಂದು ಮಾತ್ರ ನಿಜ, ಅಲ್ಲಿ 3 ಸೆಂಟಿಮೀಟರ್ ಜೇಡಿ ಇದೆ. ಈಗ 18 ಘಟಕ.

ಒಂದೇ ಅನುಮಾನ ಉಳಿದಿದೆ. 14.2ರಿಂದ 15.6 ಮೀಟರಿನವರೆಗೆ ಮಣ್ಣು, ಪೊದೆ ಮುಚ್ಚಿದೆ. ಮೇಲೂ ಕೆಳಗೂ ಮರಳುಗಲ್ಲು. ಅಲ್ಲೂ ಮರಳುಗಲ್ಲೇ ಎಂದು ತುಂಬಿಸಬಹುದೇ?

---

ಸ್ತರರೇಖೆ

ಬೇಡ. ಗುಡ್ಡದಲ್ಲಿ ಮಣ್ಣು ನಿಲ್ಲುವುದು ಮೆತ್ತಗಿನ ಕಲ್ಲು ಒಳಸರಿದ ಜಾಗದಲ್ಲೇ. ಹಾಗಾಗಿ ಮುಚ್ಚಿದ ಭಾಗದಲ್ಲಿ ಜೇಡಿಶಿಲೆ ಇರುವ ಸಾಧ್ಯತೆಯೇ ಹೆಚ್ಚು. ಲಾಗಿನಲ್ಲಿ ಆ 1.4 ಮೀಟರ್ ಖಾಲಿ ಬಿಟ್ಟು ಕರ್ಣರೇಖೆ ಎರಡು ಎಳೆಯಿರಿ, "ಮುಚ್ಚಿದೆ" ಎಂದು ಬರೆಯಿರಿ. ಆಮೇಲೆ 15.6ರ ಪದರವನ್ನು ಹಿಡಿದು ಗುಡ್ಡದ ಸುತ್ತ ಪಕ್ಕಕ್ಕೆ ನಡೆಯಿರಿ. ಮಳೆನೀರು ಕೊರೆದ ಒಂದು ಹಳ್ಳ ಸಿಕ್ಕರೆ ಅಲ್ಲಿ ಅದು ಬಯಲಾಗಿರುತ್ತದೆ. ಎಷ್ಟು ಮೀಟರ್, ಯಾವ ದಿಕ್ಕಿಗೆ ಸರಿದಿರಿ ಎಂಬುದನ್ನು ಲಾಗಿನ ಪಕ್ಕದಲ್ಲೇ ಬರೆದು, ಅಲ್ಲಿ ಕಂಡದ್ದನ್ನು ಬೇರೆ ಕಂಬವಾಗಿ ಬರೆಯಿರಿ, ಮೊದಲ ಕಂಬಕ್ಕೆ ಸೇರಿಸಬೇಡಿ.

---

ಮಲಪ್ರಭಾ_ಉಸುಕು

ಹಳ್ಳ ಸಿಗದಿದ್ರ, ಸಂರಕ್ಷಿತ ಜಾಗ ಅಲ್ಲಂದ್ರ ಮತ್ತ ಹೊಲದವರು ಒಪ್ಪಿದ್ರ, ಸಲಿಕಿ ಹಿಡದು ಒಂದ ಮೊಳ ಅಗಲ ಕೆರೀರಿ. ಮಣ್ಣಿನ ಬುಡದಾಗ ಜೇಡಿಯ ಚಕ್ಕಿ ಒಂದರ ಮ್ಯಾಲೊಂದು ಮಟ್ಟಸವಾಗಿ ಕೂತಿದ್ರ ಅದು ಅಲ್ಲಿದ ಕಲ್ಲು. ಹ್ಯಾಂಗ ಬೇಕಂಗ ತಿರುಗಿ ಬಿದ್ದಿದ್ರ ಮೇಲಿನಿಂದ ಇಳದು ಬಂದದ್ದು, ಲೆಕ್ಕಕ್ಕ ಹಿಡೀಬ್ಯಾಡ್ರಿ. ನೋಡಿದ ಮ್ಯಾಲ ಮಣ್ಣು ಮುಚ್ಚಿ ಬರ್ರಿ.